ಹಾಡು ಯಾರದು, ತಂಡ ಯಾರದು?

ಗಣೇಶೋತ್ಸವ, ರಾಜ್ಯೋತ್ಸವಗಳು ಬಂದವೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಆರ್ಕೆಸ್ಟ್ರಾಗಳ ಕಾಲ. ಕೀಬೋರ್ಡ್, ರಿದಂ ಪ್ಯಾಡ್, ಇಬ್ಬರು ಮೂವರು ಗಾಯಕರು. ಹಾಡುವುದು ಬಹುಪಾಲು ಸಿನಿಮಾ ಗೀತೆ. ಮೂಲ ಗಾಯಕರ ದನಿಗೆ ಎಷ್ಟು ಹತ್ತಿರವೋ ಅಷ್ಟು ಚಪ್ಪಾಳೆ. ಸಭಿಕರು ಚೀಟಿಯಲ್ಲಿ ಬರೆದು ಕಳಿಸುವುದೂ ಸಿನಿಮಾ ಹಾಡನ್ನೇ. ಇಂಥ ನಾಡಿನಲ್ಲಿ ಗಾಯಕನೊಬ್ಬ ತನ್ನದೇ ಹಾಡನ್ನು ಹಾಡಿ ಬದುಕಲು ಏನು ಬೇಕು? ಧೈರ್ಯವಷ್ಟೇ ಸಾಲದು, ಹೊಟ್ಟೆಪಾಡಿಗೊಂದು ದಾರಿಯೂ ಬೇಕು ಎನ್ನುತ್ತದೆ ಕನ್ನಡದ ಜನಪ್ರಿಯ ಸಂಗೀತದ ಇತಿಹಾಸ.

1914ರಲ್ಲಿ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಚಲನಚಿತ್ರಗಳಿಗೂ ಸಂಗೀತ ನೀಡಿದವರು. ಆದರೆ ಜನ ಅವರನ್ನು ನೆನೆಯುವುದು ಭಾವಗೀತೆಗಳಿಗಾಗಿ. ಮೋಹನಕುಮಾರಿ, ಸೋಹನಕುಮಾರಿ ಅವರೊಡನೆ ಅವರು ಹಾಡಿದಾಗ ಕವಿತೆ ಪುಸ್ತಕದಿಂದ ವೇದಿಕೆಗೆ ಇಳಿಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಸಿನಿಮಾದ ಹಂಗಿಲ್ಲದ ಹಾಡೂ ಮನೆಮನೆ ಸೇರಬಲ್ಲದೆಂಬುದು ಸಾಬೀತಾಯಿತು. ಶಿಶುನಾಳ ಷರೀಫರ ಪದಗಳನ್ನು ಮನೆಮಾತಾಗಿಸಿದ ಸಿ. ಅಶ್ವತ್ಥ್ ಬಹುಕಾಲ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರು. ತಿಂಗಳ ಸಂಬಳ ಖಚಿತವಿದ್ದವನಿಗೆ ಹಾಡಿನ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳುವ ಒತ್ತಡ ಕಡಿಮೆ.

ಮುಂದಿನ ತಲೆಮಾರಿನ ರಘು ದೀಕ್ಷಿತ್ ಆ ಆಸರೆಯನ್ನು ಬಿಟ್ಟುಕೊಟ್ಟು ಹೊರಟವರು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭರತನಾಟ್ಯವನ್ನೂ ಕಲಿತ ಅವರು 1990ರ ದಶಕದ ಕೊನೆಯ ಹೊತ್ತಿಗೆ 'ಅಂತರಾಗ್ನಿ' ತಂಡ ಕಟ್ಟಿದರು. ಷರೀಫರ ಪದಕ್ಕೆ ಗಿಟಾರ್, ಡ್ರಮ್ಸ್, ಪಿಟೀಲು ಜೊತೆಯಾದವು. ಹೆಸರು ಬಂತಾದರೂ ತಂಡ ಉಳಿಯಲಿಲ್ಲ. ಅದು ಚದುರಿದ ಮೇಲೆ ಹುಟ್ಟಿದ್ದೇ 'ರಘು ದೀಕ್ಷಿತ್ ಪ್ರಾಜೆಕ್ಟ್'. ಬಾಗಿಲು ತೆರೆದ ಮನೆಯಂತೆ, ಕಲಾವಿದರು ಬಂದು ನುಡಿಸಿ ಹೋಗಬಹುದಾದ ವ್ಯವಸ್ಥೆ ಎಂದು ಅದನ್ನು ಬಣ್ಣಿಸಲಾಯಿತು.

ಹೆಸರಿನ ಈ ಬದಲಾವಣೆ ಸಣ್ಣದೇನಲ್ಲ. ಸಮಾನರ ಕೂಟದಲ್ಲಿ ಪ್ರತಿ ಹಾಡಿಗೂ ಚರ್ಚೆ, ಹಣ ಹಂಚಿಕೆಗೂ ಚರ್ಚೆ. ಒಬ್ಬಿಬ್ಬರು ಹೊರನಡೆದರೆ ತಂಡವೇ ಅಲುಗಾಡುತ್ತದೆ. ಒಬ್ಬನ ಹೆಸರಿನ ತಂಡದಲ್ಲಿ ವಾದಕರು ಬದಲಾದರೂ ಹಾಡು ನಿಲ್ಲುವುದಿಲ್ಲ. ಆದರೆ ಸೋಲು, ಸಾಲ, ಸುತ್ತಾಟದ ಹೊರೆಯೂ ಆ ಒಬ್ಬನ ಹೆಗಲಿಗೇ.

ಕ್ಯಾಸೆಟ್ ಕಂಪನಿಗಳ ನಿರಾಕರಣೆಯನ್ನು ವರ್ಷಗಳ ಕಾಲ ಉಂಡ ಬಳಿಕ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ, ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಸಂಸ್ಥೆಯಿಂದ. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಷರೀಫರ ಎರಡು ಪದಗಳೂ ಅದರಲ್ಲಿದ್ದವು. 2010ರಲ್ಲಿ ಬ್ರಿಟನ್ನಿನ ಬಿಬಿಸಿ ಟೆಲಿವಿಷನ್ನಿನಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ ಅವರನ್ನು ದೂರದ ಕೇಳುಗರಿಗೆ ತಲುಪಿಸಿತು. ಈ ನಡುವೆ 'ಸೈಕೋ', 'ಜಸ್ಟ್ ಮಾತ್ ಮಾತಲ್ಲಿ' ಚಿತ್ರಗಳಿಗೂ ಅವರು ಸಂಗೀತ ನೀಡಿದರು. ಸಿನಿಮಾದಿಂದ ಪೂರ್ತಿ ದೂರ ಉಳಿಯುವುದು ಕಾಳಿಂಗರಾಯರಿಂದಲೂ, ಅಶ್ವತ್ಥ್‌ರಿಂದಲೂ ಆಗಿರಲಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಹೆಚ್ಚುಕಡಿಮೆ ಇದೇ ಕಾಲದಲ್ಲಿ ಇನ್ನೊಂದು ದಾರಿ ತೆರೆದುಕೊಂಡಿತು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 1997ರಲ್ಲಿ ಆರಂಭವಾದ 'ಶಿವಸಂಚಾರ' ರಂಗತಂಡ ವರ್ಷಕ್ಕೆ ಮೂರು ನಾಟಕಗಳನ್ನು ಕಟ್ಟಿ ನಾಡು ತಿರುಗುವ ಪದ್ಧತಿ ಹಾಕಿತು. ಅಲ್ಲಿ ಹಾಡುವವರು, ಕುಣಿಯುವವರು ಬದಲಾಗುತ್ತಾರೆ, ತಂಡದ ಹೆಸರು ಬದಲಾಗುವುದಿಲ್ಲ. ಬೆನ್ನಿಗೆ ಮಠವಿರುವುದರಿಂದ ಕಲಾವಿದನಿಗೆ ನೆಲೆಯುಂಟು. ಆದರೆ ಯಾವ ನಾಟಕ ಆಡಬೇಕೆಂಬುದು ಅವನೊಬ್ಬನ ತೀರ್ಮಾನವಲ್ಲ.

ಸಂಬಳ, ಸಿನಿಮಾ, ಕಂಪನಿ, ಮಠ: ಯಾವುದೋ ಒಂದರ ಆಸರೆಯಿಲ್ಲದೆ ಹಾಡು ನಿಂತ ಉದಾಹರಣೆ ವಿರಳ. ಸ್ವಾತಂತ್ರ್ಯವೆಂದರೆ ಯಾರ ಋಣವೂ ಇಲ್ಲದಿರುವುದಲ್ಲ. ಯಾರ ಋಣದಲ್ಲಿದ್ದರೂ ಯಾವ ಹಾಡನ್ನು ಬಿಟ್ಟುಕೊಡಬಾರದೆಂಬ ಅರಿವು ಇರುವುದು. ಉತ್ಸವದ ವೇದಿಕೆಯ ಹುಡುಗ ಹತ್ತು ಸಿನಿಮಾ ಗೀತೆಗಳ ನಡುವೆ ತನ್ನದೊಂದನ್ನು ಸೇರಿಸಿದರೆ ಅದೂ ಈ ಇತಿಹಾಸದ ಮುಂದುವರಿಕೆಯೇ.