ಬೀದಿಯಲ್ಲಿ ನಿಂತು ನೋಡಿದ ಕುಸ್ತಿ

ಮನೆಮನೆಗೆ ರೇಡಿಯೋ ಬರುವ ಮೊದಲು ಪುರಸಭೆಯ ಉದ್ಯಾನದಲ್ಲಿ, ಧ್ವನಿವರ್ಧಕದ ಕೆಳಗೆ ನಿಂತು ವಾರ್ತೆ ಕೇಳಿದ ನೆನಪು ನಿಮ್ಮ ಹಿರಿಯರಲ್ಲಿ ಕೆಲವರಿಗಾದರೂ ಇದ್ದೀತು. ಜಪಾನಿನಲ್ಲಿ ಟೆಲಿವಿಷನ್ ಬೇರೂರಿದ್ದೂ ಹೀಗೆ ಬೀದಿಯಲ್ಲಿಯೇ. ಅದಕ್ಕೆ ನೆರವಾದದ್ದು ಒಂದು ಕುಸ್ತಿ.

1953ರ ಫೆಬ್ರವರಿ 1ರಂದು ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ. ಟೆಲಿವಿಷನ್ ಪ್ರಸಾರವನ್ನು ಆರಂಭಿಸಿದಾಗ ಚಂದಾದಾರರು ಕೇವಲ 866. ಸೆಟ್ಟಿನ ಬೆಲೆ ಸಾಮಾನ್ಯ ನೌಕರನ ಕೈಗೆ ಎಟುಕುವಂತಿರಲಿಲ್ಲ. ಅದೇ ಆಗಸ್ಟ್ 28ರಂದು ನಿಪ್ಪಾನ್ ಟೆಲಿವಿಷನ್ ಎಂಬ ಖಾಸಗಿ ಕೇಂದ್ರವೂ ಹುಟ್ಟಿತು. ಜಾಹೀರಾತಿನ ಹಣವೇ ಅದಕ್ಕೆ ಆಧಾರ. ನೋಡುವವರಿಲ್ಲದೆ ಜಾಹೀರಾತು ಕೊಡುವವರಾರು? ಕೇಂದ್ರದ ಮುಖ್ಯಸ್ಥ ಮಾತ್ಸುತಾರೊ ಶೋರಿಕಿ ಅವರು ಇದಕ್ಕೊಂದು ಉಪಾಯ ಹೂಡಿದರು. ರೈಲು ನಿಲ್ದಾಣಗಳ ಮುಂದೆ, ಜನ ಸೇರುವ ಚೌಕಗಳಲ್ಲಿ ಸೆಟ್ಟುಗಳನ್ನು ಇರಿಸಿದರು. ಒಂದು ಸೆಟ್ಟಿನ ಮುಂದೆ ನೂರಾರು ಜನ ನಿಂತರೆ ಜಾಹೀರಾತುದಾರನಿಗೆ ಅಷ್ಟೇ ಸಾಕಲ್ಲವೆ?

ಜನರನ್ನು ನಿಲ್ಲಿಸುವ ಕಾರ್ಯಕ್ರಮ 1954ರ ಫೆಬ್ರವರಿ 19ರಂದು ದೊರೆಯಿತು. ಟೋಕಿಯೋದ ಕುರಾಮಾಯೆ ಭವನದಲ್ಲಿ ರಿಕಿದೋಜಾನ್ ಮತ್ತು ಜೂಡೋ ಪಟು ಕಿಮುರಾ ಒಂದು ಕಡೆ; ಅಮೇರಿಕದಿಂದ ಬಂದ ಎತ್ತರದ ಆಳುಗಳಾದ ಶಾರ್ಪ್ ಸೋದರರು ಇನ್ನೊಂದು ಕಡೆ. ಎರಡೂ ಕೇಂದ್ರಗಳು ಪಂದ್ಯವನ್ನು ಬಿತ್ತರಿಸಿದವು. ಶಿಂಬಾಶಿ ನಿಲ್ದಾಣದ ಮುಂದಿನ ಚೌಕದಲ್ಲಿ ಸಾವಿರಾರು ಮಂದಿ ಚಳಿಯಲ್ಲಿ ನಿಂತು ನೋಡಿದರು.

ಕುಸ್ತಿಯೇ ಏಕೆ? ಹಗ್ಗ ಕಟ್ಟಿದ ಕಣ ಚಿಕ್ಕದು; ಅಂದಿನ ಸಣ್ಣ ತೆರೆಯಲ್ಲಿಯೂ ಅದು ಪೂರ್ತಿಯಾಗಿ ಹಿಡಿಸುತ್ತದೆ. ಯಾರು ಬಿದ್ದರು, ಯಾರು ಎದ್ದರು ಎಂಬುದು ದೂರ ನಿಂತವನಿಗೂ ತಿಳಿಯುತ್ತದೆ. ಇದಕ್ಕಿಂತ ಆಳವಾದ ಕಾರಣವೂ ಉಂಟು. ಜಪಾನ್ ಯುದ್ಧದಲ್ಲಿ ಸೋತದ್ದು 1945ರಲ್ಲಿ. ಪರಕೀಯ ಸೈನ್ಯದ ಆಡಳಿತ ಕೊನೆಗೊಂಡದ್ದು 1952ರಲ್ಲಿ. ಆ ಗಾಯ ಇನ್ನೂ ಮಾಯದಿದ್ದಾಗ, ರಿಕಿದೋಜಾನನ ಅಂಗೈಯ ಏಟಿಗೆ ಬಿಳಿಯ ಪೈಲ್ವಾನ ತತ್ತರಿಸಿದುದನ್ನು ಕಂಡು ಜನ ಮೈಮರೆತರು.

ವೃತ್ತಿ ಕುಸ್ತಿಯೆಂದರೆ ನಮ್ಮ ಗರಡಿಯ ಕುಸ್ತಿಯಲ್ಲ. ಗೆಲುವು ಸೋಲುಗಳು ಮೊದಲೇ ಗೊತ್ತಾಗಿರುತ್ತವೆ. ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು. ಜಪಾನಿನ ಮಾನ ಕಾಯ್ದ ವೀರನೆನಿಸಿದ ರಿಕಿದೋಜಾನ್ ಹುಟ್ಟಿದ್ದು ಕೊರಿಯಾದಲ್ಲಿ, ಅದು ಜಪಾನಿನ ಆಳ್ವಿಕೆಯಲ್ಲಿದ್ದಾಗ. ತನಗೆ ಜಯಕಾರ ಹಾಕಿದ ಜನರೆದುರು ತನ್ನ ಹುಟ್ಟೂರಿನ ಹೆಸರೆತ್ತಲು ಅವನಿಗೆ ಆಗಲಿಲ್ಲ.

1963ರ ಮೇ 24ರಂದು 'ಡಿಸ್ಟ್ರಾಯರ್' ಎಂಬ ಮುಸುಕಿನ ಪೈಲ್ವಾನನೊಡನೆ ಅವನು ಸೆಣಸಿದುದನ್ನು ನೂರಕ್ಕೆ 64 ಮನೆಗಳು ನೋಡಿದವೆಂದು ಲೆಕ್ಕ. ಡಿಸೆಂಬರ್ 8ರಂದು ಅವನು ಚೂರಿಯ ಇರಿತಕ್ಕೆ ಗುರಿಯಾದ, 15ರಂದು ತೀರಿಕೊಂಡ. ಅಷ್ಟು ಹೊತ್ತಿಗೆ ಸೆಟ್ಟುಗಳು ಮನೆ ಸೇರಿದ್ದವು. ಅವುಗಳನ್ನು ಮನೆಗೆ ತಂದವರಲ್ಲಿ ಎಷ್ಟೋ ಮಂದಿ ಮೊದಲು ಬೀದಿಯಲ್ಲಿ, ಗುರುತಿಲ್ಲದವರ ಹೆಗಲಿಗೆ ಹೆಗಲು ತಾಗಿಸಿ ನಿಂತು ನೋಡಿದವರು.