ನೀರಿನಿಂದ ಬಂದ ಜರೆ

‘ಶೀರ್ಣವಾಗತಕ್ಕದ್ದು’, ಎಂದರೆ ಸವೆದು ಕ್ಷಯಿಸತಕ್ಕದ್ದು ಎಂಬುದೇ ಶರೀರವೆಂಬ ಶಬ್ದದ ವ್ಯುತ್ಪತ್ತಿಯೆಂದು ಪ್ರಾಚೀನರು ಹೇಳಿದರು. ಕಣ್ಣಿನ ಒಳಪಟಲವು ಮಾಸುವುದು, ನರಗಳು ಸೊರಗುವುದು, ಹಲ್ಲು ಮೂಳೆಗಳು ಕೆಡುವುದು, ಇವೆಲ್ಲವೂ ವಯೋಧರ್ಮವೆಂದು ಜನರು ಸಮಾಧಾನಮಾಡಿಕೊಳ್ಳುವುದುಂಟು. ಆದರೆ ಮುಪ್ಪಿಗೆ ಮುಂಚೆಯೇ ಮುಪ್ಪಿನ ಲಕ್ಷಣಗಳು ತೋರಿದರೆ, ಅದೂ ಒಬ್ಬಿಬ್ಬರಲ್ಲಲ್ಲದೆ ಒಂದೇ ನೀರನ್ನು ಕುಡಿಯುವ ಅನೇಕರಲ್ಲಿ ತೋರಿದರೆ, ಅದನ್ನು ವಯೋಧರ್ಮವೆಂದು ಬಿಡಲಾಗದು. ಅದರ ಹೇತುವನ್ನು ವಿಚಾರಿಸಬೇಕಾಗುವುದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ, ಅವುಗಳಲ್ಲಿಯೂ ವಿಶೇಷವಾಗಿ ಪಾವಗಡಕ್ಕೆ, ಇಂತಹ ಅಕಾಲಜರೆಯೊಂದು ಒದಗಿದೆ. ಅದರ ಹೇತುವನ್ನು ಲೋಕವು ಕಂಡುಕೊಂಡ ಬಗೆಯೂ, ಕಂಡುಕೊಂಡ ಮೇಲೂ ಅದು ಇಲ್ಲಿ ಬೆಳೆದ ಬಗೆಯೂ ತಿಳಿದಿರಬೇಕಾದ ಚರಿತ್ರೆಯಾಗಿದೆ.

ಈ ಸೀಮೆಯು ಕಲ್ಲಿನ ಸೀಮೆ. ಮಧುಗಿರಿಯ ಏಕಶಿಲೆಯ ಬೆಟ್ಟವೂ ಪಾವಗಡದ ದುರ್ಗವೂ ಅದಕ್ಕೆ ಸಾಕ್ಷಿಗಳು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರಪಿನಾಕಿನಿಯನ್ನು ಸೇರುವುದು. ಆ ಪಿನಾಕಿನಿಯು ಪಾವಗಡದ ನಾಗಲಮಡಿಕೆಯನ್ನು ಮುಟ್ಟಿ ತೆಲುಗು ನಾಡಿನೊಳಗೆ ಹರಿದುಹೋಗುವುದು. ಹೊಳೆಗಳಿದ್ದರೂ ವರ್ಷದ ಬಹುಕಾಲ ಅವುಗಳಲ್ಲಿ ಕಾಣುವುದು ಮರಳೇ ಹೊರತು ನೀರಲ್ಲ. ಹೀಗಿದ್ದರೂ ಪೂರ್ವಿಕರು ಆ ಮರಳಿನಲ್ಲಿಯೇ ನೀರನ್ನು ಕಂಡಿದ್ದರು. ಹೊಳೆಯ ಪಾತ್ರದಲ್ಲಿಯೂ ಕೆರೆಯ ಆಸುಪಾಸಿನಲ್ಲಿಯೂ ತಾನಾಗಿ ಒಸರುವ ಜಲದ ಕಣ್ಣುಗಳನ್ನು ಈ ನಾಲ್ಕು ತಾಲ್ಲೂಕುಗಳ ಜನರು ತಲಪರಿಗೆಗಳೆಂದು ಕರೆದರು. ಅವುಗಳ ಹೂಳನ್ನು ಊರವರೇ ಸೇರಿ ತೆಗೆಯುವುದೂ, ನೀರನ್ನು ಕಾಲುವೆಯಲ್ಲಿ ಸರದಿಯಂತೆ ಹಂಚಿಕೊಳ್ಳುವುದೂ ವಾಡಿಕೆಯಾಗಿದ್ದಿತು. ಮಳೆಯ ನೀರು ಮೇಲಿನ ಮಣ್ಣು ಮರಳುಗಳಲ್ಲಿ ಇಳಿದು ಬೇಗನೆ ಹೊರಬರುತ್ತಿದ್ದುದರಿಂದ ಅದಕ್ಕೆ ಆಳದ ಬಂಡೆಯ ಸಹವಾಸವು ಅಲ್ಪವಾಗಿದ್ದಿತು. ಈ ಮಾತಿನ ಮಹತ್ವವು ಮುಂದೆ ತಿಳಿಯುವುದು.

ಅಮೆರಿಕೆಯ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಪಟ್ಟಣಕ್ಕೆ 1901ರಲ್ಲಿ ಬಂದ ಫ್ರೆಡರಿಕ್ ಮೆಕ್ಕೇ ಎಂಬ ದಂತವೈದ್ಯನು ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳನ್ನು ಕಂಡು ವಿಸ್ಮಿತನಾದನು. ಎಷ್ಟು ಉಜ್ಜಿದರೂ ಆ ಕಲೆ ಹೋಗುತ್ತಿರಲಿಲ್ಲ. ದೋಷವು ಕುಡಿಯುವ ನೀರಿನಲ್ಲಿದೆಯೆಂದು ಅವನು ಊಹಿಸಿದನಾದರೂ ಅದು ಯಾವುದೆಂದು ತಿಳಿಯಲು ಮೂವತ್ತು ವರ್ಷಗಳು ಬೇಕಾದುವು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ಅಂತಹ ನೀರಿನಲ್ಲಿ ಫ್ಲೋರೈಡಿನ ಅಂಶವು ಅಧಿಕವಾಗಿರುವುದನ್ನು ತೋರಿಸಿದನು. ಮರುವರ್ಷವೇ ಡೆನ್ಮಾರ್ಕಿನ ಇಬ್ಬರು ವೈದ್ಯರು, ಫ್ಲೋರಿನ್ ಬೆರೆತ ಕ್ರಯೊಲೈಟ್ ಎಂಬ ಖನಿಜವನ್ನು ಪುಡಿಮಾಡುವ ಕೂಲಿಗಾರರ ಮೂಳೆಗಳು ಅಸ್ವಾಭಾವಿಕವಾಗಿ ಗಟ್ಟಿಯಾಗಿರುವುದನ್ನು ಪ್ರಕಟಿಸಿದರು. ಹಲ್ಲಿನ ಕಲೆಗೂ ಮೂಳೆಯ ವಿಕಾರಕ್ಕೂ ಕಾರಣವೊಂದೇ ಎಂಬುದು ಹೀಗೆ ಸ್ಪಷ್ಟವಾಯಿತು. ಚರಕಸಂಹಿತೆಯ 360 ಅಸ್ಥಿಗಳ ಲೆಕ್ಕದಲ್ಲಿ ಹಲ್ಲುಗಳೂ ಸೇರಿರುವುದನ್ನು ಬಲ್ಲವರಿಗೆ ಈ ಸಂಬಂಧವು ಆಶ್ಚರ್ಯವನ್ನುಂಟುಮಾಡಲಾರದು.

ಆದರೆ ಕಾರ್ಖಾನೆಯ ಧೂಳಿಲ್ಲದೆ, ಬರಿಯ ಬಾವಿಯ ನೀರಿನಿಂದಲೇ ಮನುಷ್ಯರು ಕುಗ್ಗಿ ಬಾಗುವರೆಂಬುದನ್ನು ಲೋಕಕ್ಕೆ ತಿಳಿಸಿದುದು ಭರತಖಂಡ. ಪಾವಗಡವನ್ನು ಮುಟ್ಟಿಹೋದ ಪಿನಾಕಿನಿಯು ಸಮುದ್ರವನ್ನು ಸೇರುವ ನೆಲ್ಲೂರು ಜಿಲ್ಲೆಯಲ್ಲಿಯೇ ಆ ಶೋಧನೆಯು ನಡೆಯಿತು. ಮದರಾಸಿನ ಗಿಂಡಿಯಲ್ಲಿದ್ದ ಕಿಂಗ್ ಸಂಸ್ಥೆಯ ಷಾರ್ಟ್, ಪಂಡಿತ್, ರಾಘವಾಚಾರಿ ಎಂಬವರು ಆ ಜಿಲ್ಲೆಯ ಒಣಸೀಮೆಯ ಜನರನ್ನು ಪರೀಕ್ಷಿಸಿ 1937ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಹಲ್ಲಿನಲ್ಲಿ ಕಲೆ, ಕತ್ತು ಬೆನ್ನುಗಳಲ್ಲಿ ಬಿಗಿತ, ಕೀಲುಗಳಲ್ಲಿ ನೋವು, ಕಡೆಗೆ ಕೈಕಾಲುಗಳ ಸ್ವಾಧೀನ ತಪ್ಪುವಿಕೆ, ಹೀಗೆ ವ್ಯಾಧಿಯ ಮೆಟ್ಟಿಲುಗಳು ಲೋಕದ ಗಮನಕ್ಕೆ ಬಂದುವು. ಸಂಧಿವಾತವೆಂದೋ ಪ್ರಾರಬ್ಧವೆಂದೋ ಜನರು ಸಹಿಸಿಕೊಂಡಿದ್ದುದಕ್ಕೆ ಶಾಸ್ತ್ರಜ್ಞರು ಫ್ಲೋರೋಸಿಸ್ ಎಂದು ಹೆಸರಿಟ್ಟರು.

ಇದು ಶರೀರದಲ್ಲಿ ನಡೆಯುವ ಕ್ರಮವೇನೆಂದರೆ: ಫ್ಲೋರೈಡಿಗೆ ಕ್ಯಾಲ್ಸಿಯಮಿನ ಮೇಲೆ ಬಹಳ ಆಕರ್ಷಣೆ. ಕ್ಯಾಲ್ಸಿಯಂ ಹೆಚ್ಚಾಗಿರುವುದು ಹಲ್ಲು ಮೂಳೆಗಳಲ್ಲಿಯೇ ಆದುದರಿಂದ ಅದು ಅಲ್ಲಿಯೇ ಸೇರಿಕೊಳ್ಳುವುದು. ಮಕ್ಕಳ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ ಅವುಗಳ ಹೊರಕವಚವು ಕೆಡುವುದರಿಂದ, ಮುಂದೆ ಎಷ್ಟು ಉಜ್ಜಿದರೂ ಕಲೆಯು ಹೋಗದು. ದೊಡ್ಡವರಲ್ಲಿ ಮೂಳೆಯು ದಪ್ಪವಾಗುವುದು, ಆದರೆ ದೃಢವಾಗದು. ಕೀಲುಗಳನ್ನು ಕಟ್ಟಿಹಿಡಿದಿರುವ ಮೃದುವಾದ ಕಟ್ಟುಗಳು ಸುಣ್ಣಗಟ್ಟುವುವು. ಬೆನ್ನುಹುರಿಯು ಇಳಿದುಬರುವ ನಾಳವು ಕಿರಿದಾಗಿ, ಹುರಿಯನ್ನೂ ಅದರಿಂದ ಹೊರಡುವ ನರಗಳ ಬೇರುಗಳನ್ನೂ ಅದುಮುವುದು. ಮೂಳೆಯು ಬೆಳೆದು ನರವನ್ನು ಕೊಲ್ಲುವುದೆಂದರೆ ಕಾವಲುಗಾರನೇ ಮನೆಯೊಡೆಯನ ಕತ್ತು ಹಿಸುಕಿದಂತೆ. ಪಂಜಾಬಿನಲ್ಲಿ ಅಮರಜಿತ್ ಸಿಂಗ್, ಜಾಲಿ, ಬನ್ಸಲ್ ಎಂಬ ವೈದ್ಯರು ಈ ನರವಿಕಾರಗಳನ್ನು 1961ರಲ್ಲಿ ವಿವರಿಸಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ಕಮಲಾ ಕೃಷ್ಣಸ್ವಾಮಿ ಎಂಬವರು ಇಂತಹ ಸೀಮೆಗಳ ಎಳೆಯರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ವರ್ಣಿಸಿದರು. ಆಹಾರದಲ್ಲಿ ಕ್ಯಾಲ್ಸಿಯಂ ಕಡಮೆಯಾದಷ್ಟೂ ಈ ವಿಷದ ಹಾವಳಿಯು ಹೆಚ್ಚೆಂಬುದು ಬಳಿಕ ಸಿದ್ಧವಾಯಿತು. ಬಡವರ ಮನೆಗೆ ಕೇಡು ಮೊದಲು ಹೊಕ್ಕಿತು.

ಇಷ್ಟೆಲ್ಲ ತಿಳಿದಿದ್ದೂ ಈ ಸೀಮೆಗೆ ಕೇಡು ಹೇಗೆ ಹೆಚ್ಚಿತು? ಇದರ ಉತ್ತರವು ಯಾರ ದುರುದ್ದೇಶದಲ್ಲಿಯೂ ಇಲ್ಲ; ಒಂದು ಒಳ್ಳೆಯ ಕಾರ್ಯದಲ್ಲಿಯೇ ಇದೆ. ತೆರೆದ ಬಾವಿ ಕೊಳಗಳ ನೀರಿನಿಂದ ಕಾಲರಾ, ನಾರುಹುಣ್ಣು ಮೊದಲಾದುವು ಹರಡುತ್ತಿದ್ದ ಕಾಲವೊಂದಿದ್ದಿತು. 1970ರ ಅನಂತರದ ದಶಕಗಳಲ್ಲಿ ಬರವನ್ನೂ ಈ ರೋಗಗಳನ್ನೂ ಎದುರಿಸಲು ಊರೂರಿಗೆ ಕೊಳವೆಬಾವಿಗಳು ಬಂದುವು, ಕೈಪಂಪುಗಳು ನಿಂತುವು. ನಾರುಹುಣ್ಣು ದೇಶದಿಂದಲೇ ಅಳಿಯಿತು. 2000ದಲ್ಲಿ ಭಾರತವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾಗುವುದು. ಆದರೆ ಬೇಸಾಯಕ್ಕೂ ಕೊಳವೆಬಾವಿಗಳು ಹೆಚ್ಚಿದಂತೆ ಜಲವು ಕೆಳಕ್ಕಿಳಿಯಿತು. ಜಲವನ್ನು ಹಿಂಬಾಲಿಸಿ ಕೊಳವೆಯೂ ಇಳಿಯಿತು. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕಲ್ಲಿನಲ್ಲಿದ್ದ ಫ್ಲೋರೈಡನ್ನು ಕರಗಿಸಿಕೊಂಡಿದ್ದಿತು. ನೋಟಕ್ಕೆ ತಿಳಿಯಾಗಿ, ಕ್ರಿಮಿಯಿಲ್ಲದೆ ಇದ್ದ ಆ ನೀರಿನ ದೋಷವು ಕಣ್ಣಿಗಾಗಲಿ ನಾಲಗೆಗಾಗಲಿ ತಿಳಿಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳಿತು, ಬೇರೆ ಗತಿಯಿಲ್ಲದಿದ್ದರೆ 1.5 ಮಿಲಿಗ್ರಾಂ ಕಡೆಯ ಮಿತಿ ಎಂಬುದು ಭಾರತದ ಮಾನಕ. ಪಾವಗಡದ ಅನೇಕ ಗ್ರಾಮಗಳಲ್ಲಿಯೂ ನೆರೆಯ ಮೂರು ತಾಲ್ಲೂಕುಗಳ ಕೆಲವೆಡೆಗಳಲ್ಲಿಯೂ ನೀರು ಈ ಮಿತಿಯನ್ನು ಮೀರಿದುದು ಪರೀಕ್ಷೆಗಳಿಂದ ದೃಢಪಟ್ಟಿದೆ. ಇತ್ತ ಹೊಳೆಯ ಮರಳು ಬರಿದಾಗಿ, ಅಂತರ್ಜಲವೂ ಇಳಿದು, ಅನೇಕ ತಲಪರಿಗೆಗಳ ಕಣ್ಣು ಮುಚ್ಚಿತು.

ಪರಿಹಾರಗಳೂ ಬಾರದೆ ಇರಲಿಲ್ಲ. ಪಟಿಕ, ಸುಣ್ಣಗಳನ್ನು ನೀರಿಗೆ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನವನ್ನು ನಾಗಪುರದ ಪರಿಸರ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿತು; ಅದಕ್ಕೆ ನಲ್ಗೊಂಡ ವಿಧಾನವೆಂದು ಹೆಸರಾಯಿತು. ಇತ್ತೀಚೆಗೆ ಗ್ರಾಮಗಳಲ್ಲಿ ಶುದ್ಧ ನೀರಿನ ಘಟಕಗಳು ಏರ್ಪಟ್ಟಿವೆ. ಶಿರಾ ಕೆರೆಗೆ ಹೇಮಾವತಿಯ ನೀರು ಬಂದಿತು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯು 2025ರಲ್ಲಿ ಉದ್ಘಾಟಿತವಾಯಿತು. ಆದರೂ ಘಟಕದ ನೀರನ್ನು ಕುಡಿಯುವುದಕ್ಕೆ ಮಾತ್ರ ಇಟ್ಟುಕೊಂಡು, ಅಡಿಗೆಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ಪ್ರಯೋಜನವು ಅರ್ಧವಾಗುವುದು. ಕಾಯಿಸಿದರೆ ದೋಷವು ಹೋಗುವುದೆಂಬುದೂ ಭ್ರಾಂತಿ; ನೀರು ಆವಿಯಾಗಿ ಹೋದಷ್ಟೂ ಉಳಿದುದರಲ್ಲಿ ಫ್ಲೋರೈಡ್ ಸಾಂದ್ರವಾಗುವುದು. ಹಲ್ಲಿನಲ್ಲಿ ಕಲೆಯುಳ್ಳ ಮಗುವನ್ನು ಹಲ್ಲುಜ್ಜದ ಸೋಮಾರಿಯೆಂದು ಗದರಿಸುವುದಕ್ಕೆ ಮೊದಲು ಆ ಮನೆಯ ನೀರನ್ನು ಪರೀಕ್ಷೆಗೆ ಕಳುಹಿಸುವುದು ವಿವೇಕ. ಈ ಸೀಮೆಯ ರಾಗಿಯಲ್ಲಿ ಕ್ಯಾಲ್ಸಿಯಂ ಇತರ ಧಾನ್ಯಗಳಿಗಿಂತ ಬಹಳ ಹೆಚ್ಚಾಗಿರುವುದನ್ನೂ, ಅದನ್ನು ತೊರೆದು ಬರಿಯ ಅಕ್ಕಿಯನ್ನು ನಚ್ಚುವುದು ಲಾಭವಲ್ಲವೆಂಬುದನ್ನೂ ಮರೆಯಬಾರದು.

ಹಲ್ಲಿನ ಕಲೆಯು ಅಳಿಸಿಹೋಗದು. ಬಾಗಿದ ಬೆನ್ನು ನೆಟ್ಟಗಾಗುವುದು ದುರ್ಲಭ. ಬೆನ್ನುಹುರಿಯಲ್ಲಿ ಅಳಿದ ನರತಂತುವು ಕಣ್ಣಿನ ಒಳಪಟಲದಂತೆಯೇ ಮರಳಿ ಬೆಳೆಯದು. ಆದುದರಿಂದ ಈ ವ್ಯಾಧಿಯಲ್ಲಿ ಚಿಕಿತ್ಸೆಗಿಂತ ನಿವಾರಣೆಯೇ ಹಿರಿದು. ಆ ನಿವಾರಣೆಗೆ ಬೇಕಾದುದು ಒಂದು ಕೊಡ ಒಳ್ಳೆಯ ನೀರು. ನೂರಾರು ಮೈಲಿಗಳಾಚೆಯಿಂದ ಅದನ್ನು ತರಿಸುವುದು ಸರಿಯೇ. ಅದರೊಡನೆ ಮಳೆಯ ನೀರನ್ನು ಕೆರೆಯಲ್ಲಿ ನಿಲ್ಲಿಸುವುದನ್ನೂ, ಉಳಿದಿರುವ ತಲಪರಿಗೆಗಳ ಹೂಳನ್ನು ಹಿಂದಿನಂತೆ ಊರವರೇ ಕೂಡಿ ತೆಗೆಯುವುದನ್ನೂ ಕೈಬಿಡದಿದ್ದರೆ, ಮುಂದಿನ ಪೀಳಿಗೆಯವರಿಗೆ ಜರೆಯು ತನ್ನ ಕಾಲಕ್ಕೆ ಬಂದೀತೇ ಹೊರತು ನೀರಿನೊಡನೆ ಬಾರದು.