ಕಳ್ಳನ ಕೈಗೆ ಸಿಗದ ಲೆಕ್ಕದ ಪುಸ್ತಕ

ನನ್ನ ಮೊದಲ ಕೆಲಸದಾಗ ಒಂದು ರಾತ್ರಿ ಸರ್ವರ್‌ಗೆ ಯಾರೋ ನುಗ್ಗಿದ್ರು. ಬೆಳಿಗ್ಗೆ ಲಾಗ್ ತೆರೆದರೆ ನಡುವಿನ ಎರಡು ತಾಸು ಖಾಲಿ. ರೂಟ್ ಅನುಮತಿ ಸಿಕ್ಕವನು ಮೊದಲು ಮಾಡೋದೇ ತನ್ನ ಹೆಜ್ಜೆ ಅಳಿಸೋದು. ಆ ರಾತ್ರಿ ಪಾಳಿಯಲ್ಲಿದ್ದವನು ನಾನು. "ನೀನೇ ಏನಾದ್ರೂ ಮಾಡಿದ್ಯಾ?" ಅಂತ ಮ್ಯಾನೇಜರ್ ಕೇಳಿದಾಗ, ಇಲ್ಲ ಅನ್ನೋಕೆ ನನ್ನ ಹತ್ರ ಸಾಕ್ಷಿ ಇರಲಿಲ್ಲ.

ಈ ಕಷ್ಟ ಹಳೇದು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಅನ್ನೋ ಖಗೋಳ ವಿಜ್ಞಾನಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಹುಡುಕಲು ಹೊರಟು ಒಬ್ಬ ನುಸುಳುಕೋರನನ್ನು ಕಂಡ. ಕಂಪ್ಯೂಟರ್ ಒಳಗೇ ದಾಖಲೆ ಇಟ್ಟರೆ ಅವನು ನೋಡಿ ಅಳಿಸಿಯಾನು. ಅದಕ್ಕೆ ಸ್ಟಾಲ್ ಹೊರಗಿನಿಂದ ಬರೋ ಲೈನುಗಳಿಗೆ ಪ್ರಿಂಟರ್ ಜೋಡಿಸಿದ. ನುಸುಳುಕೋರ ಒತ್ತಿದ ಪ್ರತಿ ಕೀಲಿ ಕಾಗದಕ್ಕೆ ಇಳೀತು. ಜರ್ಮನಿಯಲ್ಲಿ ಕೂತಿದ್ದವನ ಕೈ ಆ ಕಾಗದಕ್ಕೆ ಎಟುಕಲಿಲ್ಲ.

ಆ ವರ್ಷ ಯುಗಾದಿಗೆ ಕಿನ್ನಾಳಕ್ಕೆ ಹೋದವನು ಕೊಪ್ಪಳದ ಗವಿಮಠದ ಗುಡ್ಡ ಹತ್ತಿದೆ. ಅಲ್ಲಿ ಅಶೋಕನ ಕಿರು ಬಂಡೆಶಾಸನ ಇದೆ. ಅದೇ ಊರಿನ ಪಾಲ್ಕಿಗುಂಡಿನಲ್ಲೂ ಅದೇ ಶಾಸನದ ಇನ್ನೊಂದು ಪ್ರತಿ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡಿನ ಅಕ್ಷರ ಬಹಳ ಸವೆದಿವೆ, ಗವಿಮಠದವು ಚೆನ್ನಾಗಿ ಉಳಿದಿವೆ. ಒಂದರಲ್ಲಿ ಹೋದದ್ದನ್ನು ಇನ್ನೊಂದರಿಂದ ತುಂಬಿ ಓದಬಹುದು. ಅಶೋಕನಿಗೆ ಬೇಕಿದ್ದದ್ದು ತನ್ನ ಮಾತು ಎಲ್ಲ ಕಡೆ ಮುಟ್ಟೋದು. ಆದರೆ ಹಲವು ಕಡೆ ಪ್ರತಿ ಇಟ್ಟದ್ದರಿಂದ ಆ ಮಾತು ಉಳಿದೂ ಉಳೀತು.

ನಮ್ಮ ತಾಮ್ರಶಾಸನಗಳದ್ದು ಇನ್ನೊಂದು ಉಪಾಯ. ದತ್ತಿಯ ವಿವರ ಕೊರೆದ ತಗಡುಗಳಿಗೆ ತೂತು ಹಾಕಿ, ಬಳೆ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೀತಿದ್ರು. ನಡುವಿನ ತಗಡು ಬದಲಿಸಬೇಕಾದರೆ ಬಳೆ ಕತ್ತರಿಸಬೇಕು, ಕತ್ತರಿಸಿದ್ದು ಕಾಣ್ತದೆ. ಹಾಗಂತ ಮೋಸ ನಿಲ್ಲಲಿಲ್ಲ, ಇಡೀ ಶಾಸನವನ್ನೇ ನಕಲಿ ಮಾಡಿದವರೂ ಇದ್ರು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಲಿಪಿ, ಕಾಲ ತಾಳೆ ನೋಡಿ ಕೂಟಶಾಸನ ಎಂದ.

ಈ ಬಳೆಯ ಕೆಲಸವನ್ನೇ ಇವತ್ತು ಹ್ಯಾಶ್ ಸರಪಳಿ ಮಾಡ್ತದೆ. ಪ್ರತಿ ಸಾಲಿನ ಹ್ಯಾಶ್‌ನಲ್ಲಿ ಹಿಂದಿನ ಸಾಲಿನ ಹ್ಯಾಶ್ ಸೇರಿರ್ತದೆ. ನಡುವೆ ಒಂದಕ್ಷರ ತಿದ್ದಿದರೂ ಮುಂದಿನದೆಲ್ಲ ತಾಳೆ ತಪ್ತದೆ. ಆದರೆ ಎಲ್ಲವೂ ಒಂದೇ ಸರ್ವರ್‌ನಲ್ಲಿದ್ದರೆ ಕಳ್ಳ ಇಡೀ ಸರಪಳಿಯನ್ನೇ ಹೊಸದಾಗಿ ಹೆಣೆದಾನು. ಹಾಗಾಗಿ ಕೊನೆಯ ಹ್ಯಾಶ್ ಅವನ ಕೈಗೆ ಸಿಗದ ಜಾಗದಲ್ಲಿ ಇರಬೇಕು. ಅಂದ್ರೆ ಬಳೆಯೂ ಬೇಕು, ಇನ್ನೊಂದು ಗುಡ್ಡವೂ ಬೇಕು.

ಈಗ ನಮ್ಮ ಟೀಮ್‌ನಲ್ಲಿ ಲಾಗ್ ಹುಟ್ಟಿದ ಕೂಡಲೇ ಬೇರೆ ಸರ್ವರ್‌ಗೆ ಹೋಗ್ತದೆ. ಅಲ್ಲಿ ಸೇರಿಸಬಹುದು, ಅಳಿಸೋಕೆ ಬರಲ್ಲ. ಅದರ ಪಾಸ್‌ವರ್ಡ್ ನನ್ನ ಹತ್ರವೂ ಇಲ್ಲ. "ಯಾಕೆ ಸರ್, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಹೊಸ ಹುಡುಗರು ಕೇಳ್ತಾರೆ.

"ಯಾರಾದ್ರೂ ನಿನ್ನನ್ನ ಅನುಮಾನಿಸಿದ ದಿನ ನಿನ್ನ ಪರ ಸಾಕ್ಷಿ ಹೇಳೋದು ಇದೇ ಕಣಪ್ಪ" ಅಂತೀನಿ.